ತಳದಲ್ಲಿ ‘ನಂಪೆಯೊ’ ಎಂದು ಬರೆದ ಹೋಪಿ ಮಡಕೆ: ಹಳೆಯದಾ, ನಕಲಿಯಾ, ಮನೆಯಲ್ಲಿ ಇಡಬಹುದಾ?

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿ ಇದ್ದೇವೆ. ಹೋದ ವರ್ಷ ನಮ್ಮ ಬಡಾವಣೆಯ ಒಬ್ಬ ಅಜ್ಜಿ ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಸಾಮಾನನ್ನೆಲ್ಲ ಮಾರಾಟಕ್ಕೆ ಇಟ್ಟಿದ್ದರು. ಅಲ್ಲಿ ಒಂದು ಹಳದಿ ಮಡಕೆ ಇಷ್ಟವಾಗಿ ತಗೊಂಡೆ. ಸುಮಾರು 9 ಇಂಚು ಅಗಲ, 5 ಇಂಚು ಎತ್ತರ. ಕುಳ್ಳಗಿದೆ, ಭುಜ ಚಪ್ಪಟೆ, ಬಾಯಿ ಚಿಕ್ಕದು. ಕಪ್ಪು ಮತ್ತು ಇಟ್ಟಿಗೆ ಕೆಂಪಿನಲ್ಲಿ ಹಕ್ಕಿ ರೆಕ್ಕೆಯಂಥ ಚಿತ್ತಾರ. ತಳದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ನಂಪೆಯೊ’ ಎಂದು ಬರೆದಿದೆ, ಅಮೆರಿಕದ ಮೂಲನಿವಾಸಿ ಹೋಪಿ ಜನರ ಹೆಸರಾಂತ ಕುಂಬಾರಗಿತ್ತಿಯ ಹೆಸರಂತೆ. ಮಾರುತ್ತಿದ್ದ ಹುಡುಗ “1890ರ ಸುಮಾರಿನದ್ದು” ಎಂದ. ಆಫೀಸಿನ ಗೆಳೆಯರೊಬ್ಬರು “ನಂಪೆಯೊ ಯಾವತ್ತೂ ಹೆಸರು ಬರೆದವಳಲ್ಲ, ಇದು ಡೂಪ್ಲಿಕೇಟ್” ಅಂತಾರೆ. ಇನ್ನೊಬ್ಬರು ನೀರಲ್ಲಿ ತೊಳೆದು ನೋಡಿ, ಬಣ್ಣ ಬಿಟ್ಟರೆ ನಕಲಿ ಅಂತಾರೆ. ಬಾಯಿ ಅಂಚಿನಿಂದ ಒಂದು ಬಿರುಕು ಇಳಿದಿದೆ. ಅದಕ್ಕೆ ಯಾರೋ ಹಾಕಿದ ಅಂಟು ಹಳದಿಗಟ್ಟಿದೆ. ಇದೆಲ್ಲ ಸಾಲದು ಅಂತ, ಊರಿಂದ ಬಂದಿರುವ ನಮ್ಮ ಅತ್ತೆ ಈ ಮಡಕೆಗಳೆಲ್ಲ ಹಳೇ ಸಮಾಧಿ ಅಗೆದು ತೆಗೆದವು ಎಂದು ಎಲ್ಲೋ ಕೇಳಿ, ಮನೆಯಲ್ಲಿ ಇಡಬೇಡ ಎಂದು ಹಟ ಹಿಡಿದಿದ್ದಾರೆ. ಮುಂದಿನ ವರ್ಷ ನಾವು ಬೆಂಗಳೂರಿಗೆ ವಾಪಸ್. ಇದನ್ನು ರಿಪೇರಿ ಮಾಡಿಸಬೇಕಾ? ಜೊತೆಗೆ ತರಬಹುದಾ?

ಉತ್ತರ: ತುರ್ತಿನ ಮಾತು ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ತೊಳೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ.

ಹೋಪಿ ಮಡಕೆಗೆ ಪಿಂಗಾಣಿಗೆ ಇರುವಂಥ ಗಾಜಿನ ಹೊದಿಕೆ ಇರುವುದಿಲ್ಲ. ಬಯಲು ಬೆಂಕಿಯಲ್ಲಿ ಬೆಂದ ಮಣ್ಣು ನೀರು ಹೀರುತ್ತದೆ. ಹೀರಿದ ನೀರು ಒಳಗಿನ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ಒಣಗುವಾಗ ಆ ಉಪ್ಪು ಮೇಲ್ಪದರದ ಕೆಳಗೆ ಹರಳುಗಟ್ಟಿ, ಕಲ್ಲಿನಿಂದ ಉಜ್ಜಿ ನಯ ಮಾಡಿದ ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಮ್ಯೂಸಿಯಂಗಳಲ್ಲಿ ಮಣ್ಣಿನ ಪಾತ್ರೆಗಳ ಸಂರಕ್ಷಣೆ ನನ್ನ ಕೆಲಸ. ನಮ್ಮ ಮೇಜಿಗೆ ಬರುವ ಮಡಕೆಗಳಲ್ಲಿ ಬಿದ್ದು ಒಡೆದವು ಎಷ್ಟೋ, ಪ್ರೀತಿಯಿಂದ ತೊಳೆದು ಹಾಳು ಮಾಡಿದವೂ ಅಷ್ಟೇ. ಬಣ್ಣ ಬಿಟ್ಟರೆ ನಕಲಿ ಅನ್ನುವ ಪರೀಕ್ಷೆಯಂತೂ ಪೂರಾ ಉಲ್ಟಾ. ಸರಿಯಾಗಿ ಬೇಯದ ಅಸಲಿ ಮಡಕೆಯ ಕಪ್ಪು ಒದ್ದೆ ಬೆರಳಿಗೆ ಹತ್ತಬಹುದು. ಅಂಗಡಿಯ ಅಕ್ರಿಲಿಕ್ ಬಳಿದ ನಕಲಿ ಮಡಕೆಯನ್ನು ಬಕೆಟ್‌ನಲ್ಲಿ ಮುಳುಗಿಸಿದರೂ ಬಣ್ಣ ಬಿಡಲ್ಲ.

ಇನ್ನು ನಿಮ್ಮ ಗೊಂದಲ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಎಲ್ಲಿಂದ ಬಂದದ್ದು ಎನ್ನುವ ಮೂರು ಬೇರೆ ಬೇರೆ ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಗೆಳೆಯರು ಮೊದಲನೆಯದರ ಬಗ್ಗೆ ವಾದ ಮಾಡುತ್ತಿದ್ದಾರೆ, ಮಾರಿದ ಹುಡುಗ ಎರಡನೆಯದಕ್ಕೆ ಬಾಯಿಗೆ ಬಂದ ಉತ್ತರ ಕೊಟ್ಟಿದ್ದಾನೆ. ಮೂರನೆಯದನ್ನು ಕೇಳಿದವರು ನಿಮ್ಮ ಅತ್ತೆ ಒಬ್ಬರೇ. ನನ್ನ ಲೆಕ್ಕದಲ್ಲಿ ಅದೇ ಮುಖ್ಯವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಂಪೆಯೊ ಯಾರು ಅನ್ನುವುದು ಗೊತ್ತಾಗದೆ ಮುಂದಿನದು ಅರ್ಥವಾಗಲ್ಲ. ಹೋಪಿ ಜನರ ಊರುಗಳು ಅರಿಜೋನಾದ ಈಶಾನ್ಯ ಮೂಲೆಯಲ್ಲಿವೆ. ಅಲ್ಲಿ ಮೇಸಾ ಎನ್ನುವ ಚಪ್ಪಟೆ ತಲೆಯ ಗುಡ್ಡಗಳು ಮೂರು. ಫಸ್ಟ್ ಮೇಸಾದ ಮೇಲೆ ವಾಲ್ಪಿ, ಸಿಚೊಮೊವಿ, ಹಾನೊ ಎಂಬ ಮೂರು ಹಳ್ಳಿಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಹಾನೊದವರ ಹಿರಿಯರು 1700ರ ಆಸುಪಾಸಿನಲ್ಲಿ, ಸ್ಪೇನಿನವರ ಕಾಟ ತಾಳದೆ ರಿಯೊ ಗ್ರಾಂಡೆ ನದಿಯ ಕಡೆಯಿಂದ ಬಂದವರು. ಅವರ ಮನೆಮಾತು ಟೇವಾ. ನಂಪೆಯೊ ಹುಟ್ಟಿದ್ದು ಹಾನೊದಲ್ಲಿ, 1860ರ ಸುಮಾರಿಗೆ. ತಾಯಿ ಟೇವಾ, ತಂದೆ ವಾಲ್ಪಿಯ ಹೋಪಿ. ತೀರಿಕೊಂಡಿದ್ದು 1942ರಲ್ಲಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅಷ್ಟು ಭಾಗ ನಿಜ.

ಅವಳು ಬೆಳೆಯುವಾಗ ಆ ಊರುಗಳಲ್ಲಿ ತಯಾರಾಗುತ್ತಿದ್ದ ಮಡಕೆಗಳು ನಿಮ್ಮ ಮಡಕೆಯಂತೆ ಇರಲಿಲ್ಲ. ಮೈಗೆ ದಪ್ಪಗೆ ಬಿಳಿ ಮಣ್ಣಿನ ಲೇಪ ಕೊಟ್ಟು, ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಲೇಪ ಮತ್ತು ಒಳಗಿನ ಮಣ್ಣು ಒಂದೇ ಸಮ ಕುಗ್ಗದ ಕಾರಣ ಮೈತುಂಬ ಸಣ್ಣ ಸೀಳು ಬೀಳುತ್ತಿತ್ತು. ಇವನ್ನು ಈಗ ಪೊಲಾಕ್ಕಾ ಮಡಕೆಗಳು ಅಂತಾರೆ. ಚಿತ್ರದಲ್ಲಿ ಪಕ್ಕದ ಜೂನಿ ಜನರ ಪ್ರಭಾವ ಜಾಸ್ತಿ. ಅದಕ್ಕೆ ಕಾರಣವೂ ಇದೆ. 1850–60ರ ದಶಕಗಳಲ್ಲಿ ಸಿಡುಬು ಮತ್ತು ಭೀಕರ ಬರ ಬಂದಾಗ ಎಷ್ಟೋ ಹೋಪಿ ಕುಟುಂಬಗಳು ಜೂನಿ ಊರಿಗೆ ಹೋಗಿ ಬದುಕಿ ಬಂದಿದ್ದವು. ಹೊಟ್ಟೆಪಾಡಿಗೆ ಹೋದವರು ಅಲ್ಲಿನ ಚಿತ್ತಾರವನ್ನೂ ಕಲಿತು ಬಂದರು.

ಹಳದಿ ಮಡಕೆಗಳ ಕಾಲ ಇದಕ್ಕಿಂತ ಬಹಳ ಹಿಂದಿನದು. 1300ರ ನಂತರ ಹೋಪಿ ಪ್ರದೇಶದಲ್ಲಿ ಮಡಕೆ ಬೇಯಿಸಲು ಕಲ್ಲಿದ್ದಲು ಬಳಸುತ್ತಿದ್ದರು. ಮೇಸಾಗಳ ಪಕ್ಕೆಯಲ್ಲೇ ಕಲ್ಲಿದ್ದಲ ಪದರಗಳಿವೆ. ಆ ಬಿಸಿಗೆ, ಕಬ್ಬಿಣ ಕಡಿಮೆ ಇರುವ ಅಲ್ಲಿನ ಬೂದು ಮಣ್ಣು ಬೆಂದು ತಿಳಿ ಹಳದಿಯಾಗುತ್ತಿತ್ತು, ಗಟ್ಟಿಯೂ ಆಗುತ್ತಿತ್ತು. ಇದರ ಉತ್ತುಂಗ ಅಂದರೆ ಫಸ್ಟ್ ಮೇಸಾದ ಬುಡದಲ್ಲಿದ್ದ ಸಿಕ್ಯಾಟ್ಕಿ ಎಂಬ ಊರಿನ ಹೆಸರಲ್ಲಿ ಕರೆಯುವ ಮಡಕೆಗಳು. ಅಗಲವಾದ ಚಪ್ಪಟೆ ಭುಜ, ಬಳುಕುವ ರೆಕ್ಕೆ, ಕೊಕ್ಕು, ಗರಿ, ಅಲ್ಲಲ್ಲಿ ಬೇಕೆಂದೇ ಖಾಲಿ ಬಿಟ್ಟ ಜಾಗ. ಸ್ಪೇನಿನವರು 1540ರಲ್ಲಿ ಈ ಕಡೆ ಕಾಲಿಡುವ ಮೊದಲೇ ಸಿಕ್ಯಾಟ್ಕಿ ಹಾಳು ಬಿದ್ದಿತ್ತು. ಪಕ್ಕದ ಊರಿನ ಜೊತೆಗಿನ ಜಗಳದಲ್ಲಿ ಊರು ಸುಟ್ಟುಹೋಯಿತು ಎಂದು ಹೋಪಿಗಳು ಇವತ್ತಿಗೂ ಹೇಳುತ್ತಾರೆ. ಸ್ಪೇನಿನವರ ಜೊತೆ ಕುರಿ ಬಂತು, ಕ್ರಮೇಣ ಕುರಿ ಹಿಕ್ಕೆಯೇ ಮಡಕೆ ಸುಡುವ ಉರುವಲಾಯಿತು, ಕಲ್ಲಿದ್ದಲು ಮೂಲೆ ಸೇರಿತು.

ನಂಪೆಯೊ ಈ ಹಳೆಯ ಹಳದಿ ಮಡಕೆಯ ರೀತಿಯನ್ನು ತಿರುಗಿ ತಂದದ್ದನ್ನು ‘ಪುನರುಜ್ಜೀವನ’ ಅಂತಾರೆ. ಅದನ್ನು ಓದಿದವರು ತಪ್ಪು ತಿಳಿಯುವುದು ಇಲ್ಲೇ. ಹೋಪಿಗಳಲ್ಲಿ ಮಡಕೆ ಮಾಡುವುದು ನಿಂತೇ ಹೋಗಿತ್ತು, ಅಗೆತಕ್ಕೆ ಬಂದ ವಿದ್ವಾಂಸರು ಅದನ್ನು ಬದುಕಿಸಿದರು ಎಂಬ ಕಥೆ ಬಹಳ ಕಡೆ ಓಡಾಡುತ್ತಿದೆ. ಅದು ಸುಳ್ಳು. ಕೆಲಸ ಒಂದು ದಿನವೂ ನಿಂತಿರಲಿಲ್ಲ. ನಂಪೆಯೊ ಕಲಿತಿದ್ದು ಮನೆಯ ಹಿರಿಯ ಹೆಂಗಸರಿಂದ. ಅವಳು ತಿರುಗಿ ತಂದದ್ದು ಹಳೆಯ ಹಳದಿ ಮೈ, ಹಳೆಯ ಆಕಾರ, ಹಳೆಯ ಚಿತ್ತಾರದ ಬೆಡಗು.

ಅದಕ್ಕೆ ಒಂದು ಕಾರಣ ದುಡ್ಡು. ಇದನ್ನು ಹೇಳಲು ಕೆಲವರು ಹಿಂಜರಿಯುತ್ತಾರೆ, ನನಗೆ ಅದರಲ್ಲಿ ನಾಚಿಕೆಯದ್ದೇನೂ ಕಾಣಲ್ಲ. 1880ರ ದಶಕದ ಆರಂಭದಲ್ಲಿ ರೈಲು ಬಂತು. ತಗಡಿನ, ಎನಾಮಲ್ಲಿನ ಪಾತ್ರೆ ಬಂದು ಮನೆಬಳಕೆಯ ಮಡಕೆಗೆ ಬೇಡಿಕೆ ಇಳಿಯಿತು. ಅದೇ ರೈಲಲ್ಲಿ ಮಡಕೆ ಕೊಳ್ಳುವ ಪ್ರವಾಸಿಗಳೂ ಬಂದರು. ಥಾಮಸ್ ಕೀಮ್ ಎಂಬ ವ್ಯಾಪಾರಿ 1875ರಲ್ಲೇ ಹತ್ತಿರದ ಕಣಿವೆಯಲ್ಲಿ ಅಂಗಡಿ ಹಾಕಿದ್ದ. ಹಳೇ ಮಡಕೆ ಸಂಗ್ರಹಿಸಿ ಮಾರುತ್ತಿದ್ದ, ಹಳೇ ಮಾದರಿಯಲ್ಲಿ ಹೊಸದನ್ನೂ ಮಾಡಿಸುತ್ತಿದ್ದ. ಗೋಡೆಗೆ ಹಾಕುವ ಟೈಲ್ಸ್ ಕೂಡ ಮಾಡಿಸಿದ್ದಾನೆ ಪುಣ್ಯಾತ್ಮ!

1895ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಸ್ಮಿತ್ಸೋನಿಯನ್ ಸಂಸ್ಥೆಯ ಪರವಾಗಿ ಸಿಕ್ಯಾಟ್ಕಿಯನ್ನು ಅಗೆದ. ನಂಪೆಯೊಳ ಗಂಡ ಲೆಸೊ ಆ ಅಗೆತದಲ್ಲಿ ಕೂಲಿ ಮಾಡಿದ, ಹೆಂಡತಿಗೆ ಮಡಕೆ ಚೂರು ತಂದು ತೋರಿಸಿದ, ಅಲ್ಲಿಂದ ಎಲ್ಲ ಶುರುವಾಯಿತು ಎನ್ನುವುದು ಚಂದದ ಕಥೆ. ಅರ್ಧ ಮಾತ್ರ ನಿಜ. ಅಗೆತದಿಂದ ಅವಳಿಗೆ ಇಡೀ ಮಡಕೆಗಳು ನೋಡಲು ಸಿಕ್ಕವು ಅನ್ನುವುದು ಸರಿ. ಆದರೆ ಹಳೇ ಚಿತ್ತಾರ ಅವಳ ಕೈಗೆ ಅದಕ್ಕೂ ಮೊದಲೇ ಹತ್ತಿತ್ತು. ಸಿಕ್ಯಾಟ್ಕಿ, ಅವಾಟೋವಿಯಂಥ ಹಾಳೂರುಗಳ ದಿಬ್ಬದ ಮೇಲೆ ಚೂರುಗಳು ಕಾಲಿಗೆ ಸಿಗುವಂತೆ ಬಿದ್ದಿದ್ದವು. ಹೆಂಗಸರು ಅವನ್ನು ನೋಡುತ್ತಲೇ ಬೆಳೆದವರು. ಇನ್ನೊಂದು ಮಾತು. ಅವಳು ಸುಮ್ನೆ ನಕಲು ಇಳಿಸಿದವಳಲ್ಲ. ಹಳೆಯ ಒಂದು ರೆಕ್ಕೆಯನ್ನು ತೆಗೆದುಕೊಂಡು, ಅದನ್ನು ಮಡಕೆಯ ಭುಜದ ಸುತ್ತ ಹೇಗೆ ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ತಾನೇ ಕಂಡುಕೊಂಡಳು. ಹಾಗಾಗಿ ‘ಪುನರುಜ್ಜೀವನ ಕಾಲದ ಮಡಕೆ’ ಅಂದರೆ ನಕಲಿ ಮಡಕೆ ಅಂತ ಅರ್ಥ ಮಾಡಿಕೊಳ್ಳಬೇಡಿ.

1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ಪ್ರವಾಸಿಗಳಿಗೆ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವೆ ಕಂಪನಿ ‘ಹೋಪಿ ಹೌಸ್’ ಎಂಬ ಅಂಗಡಿ ತೆರೆದಾಗ ನಂಪೆಯೊ ಕುಟುಂಬವನ್ನು ಕರೆಸಿ ಅಲ್ಲೇ ಮಡಕೆ ಮಾಡಿಸಿದರು. 1907ರಲ್ಲಿ ಮತ್ತೆ ಹೋದಳು. 1910ರಲ್ಲಿ ಶಿಕಾಗೋದ ಪ್ರದರ್ಶನಕ್ಕೂ. ಅಷ್ಟರಲ್ಲಿ ಕಣ್ಣಿನ ತೊಂದರೆ ಶುರುವಾಗಿತ್ತು. ಟ್ರಕೋಮ ಎಂಬ ಸೋಂಕಿನಿಂದ 1920ರ ಹೊತ್ತಿಗೆ ದೃಷ್ಟಿ ಹೆಚ್ಚುಕಮ್ಮಿ ಹೋಗಿತ್ತು. ಆದರೂ ಮಡಕೆ ಕಟ್ಟುವುದನ್ನು ಬಿಡಲಿಲ್ಲ. ಆ ಕೆಲಸಕ್ಕೆ ಕಣ್ಣಿಗಿಂತ ಬೆರಳು ಮುಖ್ಯ. ಚಿತ್ರ ಬರೆಯುವುದನ್ನು ಹೆಣ್ಣುಮಕ್ಕಳು ವಹಿಸಿಕೊಂಡರು: ಆನ್ನಿ, ನೆಲ್ಲಿ, ಕಿರಿಯವಳು ಫ್ಯಾನಿ.

ನಿಮ್ಮ ಮಡಕೆಯ ತಳದ ಹೆಸರಿನ ಗುಟ್ಟು ಇಲ್ಲಿದೆ. ನಂಪೆಯೊ ತಾನಾಗಿ ಹೆಸರು ಬರೆದಿಲ್ಲ, ಸರಿ. ಆದರೆ ಅವಳ ಕೊನೆಯ ವರ್ಷಗಳಲ್ಲಿ ಅವಳು ಕಟ್ಟಿದ ಮಡಕೆಗಳ ಮೇಲೆ ಮಗಳು ಹೆಸರು ಬರೆದದ್ದಿದೆ. ‘ನಂಪೆಯೊ ಫ್ಯಾನಿ’ ಎಂದು ಎರಡು ಹೆಸರು ಇದ್ದರೆ ಅಮ್ಮ ಕಟ್ಟಿ ಮಗಳು ಚಿತ್ರ ಬರೆದದ್ದು ಎಂದು ಓದುತ್ತೇವೆ. ‘ಫ್ಯಾನಿ ನಂಪೆಯೊ’ ಎಂದಿದ್ದರೆ ಪೂರ್ತಿ ಮಗಳದ್ದು. ಫ್ಯಾನಿ 1987ರವರೆಗೆ ಬದುಕಿದ್ದಳು, ಬಹಳ ಮಡಕೆ ಮಾಡಿದ್ದಾಳೆ. ಮೊಮ್ಮಕ್ಕಳು, ಮರಿಮಕ್ಕಳಲ್ಲಿ ಅನೇಕರು ನಂಪೆಯೊ ಎನ್ನುವುದನ್ನು ಮನೆಹೆಸರಿನಂತೆ ಇಟ್ಟುಕೊಂಡರು, ಕೆಲವರು ಮೆಕ್ಕೆಜೋಳದ ತೆನೆಯ ಗುರುತನ್ನೂ ಬರೆದರು. ಅದು ಅವರ ಕುಲದ ಚಿಹ್ನೆ. ಇಷ್ಟು ಸಾಲದು ಅಂತ ಅಂಗಡಿಯವರು, ಸಂಗ್ರಹಕಾರರು ತಮ್ಮ ನೆನಪಿಗೆ ಪೆನ್ಸಿಲ್ಲಲ್ಲೋ ಇಂಕಿನಲ್ಲೋ ಗೀಚಿದ್ದೂ ಉಂಟು. ಅಂದಮೇಲೆ ತಳದಲ್ಲಿ ಆ ಹೆಸರಿರುವ ಮಡಕೆ ನಂಪೆಯೊಳದ್ದೇ ಎನ್ನುವಂತಿಲ್ಲ, ಡೂಪ್ಲಿಕೇಟ್ ಎನ್ನುವಂತೆಯೂ ಇಲ್ಲ.

ಬೆಂಕಿಗೆ ಹಾಕುವ ಮೊದಲು ಬರೆದದ್ದಾ, ಆಮೇಲೆ ಬರೆದದ್ದಾ ಅನ್ನುವುದನ್ನು ಮೊದಲು ನೋಡಬೇಕು. ನೀವು ಕಳಿಸಿದ ತಳದ ಫೋಟೋ ಹಿಗ್ಗಿಸಿ ನೋಡಿದೆ. ಅಕ್ಷರಗಳ ಬಣ್ಣ ಭುಜದ ಮೇಲಿನ ಚಿತ್ರದ ಕಪ್ಪಿನಂತೆಯೇ ಇದೆ, ಸ್ವಲ್ಪ ಕಂದು ತಿರುಗಿದ, ಹೊಳಪಿಲ್ಲದ ಕಪ್ಪು. ಗೀಟು ಶುರುವಾಗುವ ಕಡೆ ಬಣ್ಣ ದಪ್ಪ, ಕೊನೆಗೆ ಬಂದಂತೆ ತೆಳು. ಪೆನ್ನಿನ ಗೆರೆ ಹೀಗೆ ಬರಲ್ಲ, ಕುಂಚದ ಗೆರೆ ಬರುತ್ತದೆ. ಎಲ್ಲಕ್ಕಿಂತ ಕೊನೆಯ ಅಕ್ಷರ ನೋಡಿ. ಬೆಂಕಿಯ ಹೊಗೆ ತಾಗಿ ಆದ ಬೂದು ಮಬ್ಬಿನ ಅಂಚು ಆ ಅಕ್ಷರದ ಮೇಲೆ ಹಾದು ಹೋಗಿದೆ. ಬರಹ ಮೊದಲು, ಹೊಗೆ ಆಮೇಲೆ. ಫೋಟೋದಲ್ಲಿ ಕಂಡದ್ದು ಮಡಕೆಯಲ್ಲೂ ಹಾಗೇ ಇದ್ದರೆ, ಹೆಸರು ಬರೆದವರು ಕುಂಬಾರರ ಮನೆಯವರೇ.

ಹಾಗಾದಾಗ ‘1890’ ಬಿದ್ದುಹೋಗುತ್ತದೆ. ಆ ಕಾಲದಲ್ಲಿ ಹೋಪಿ ಕುಂಬಾರಗಿತ್ತಿಯರು ಹೆಸರು ಬರೆಯುತ್ತಿರಲಿಲ್ಲ. ಫ್ಲಾಗ್‌ಸ್ಟಾಫ್‌ನಲ್ಲಿ 1928ರಲ್ಲಿ ಶುರುವಾದ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಜೋನಾ, 1930ರಿಂದ ಹೋಪಿ ಕುಶಲಕರ್ಮಿಗಳ ಪ್ರದರ್ಶನ ನಡೆಸತೊಡಗಿತು. ಗುರುತು, ಹೆಸರು ಹಾಕುವ ರೂಢಿ ಗಟ್ಟಿಯಾದದ್ದು ಸುಮಾರು ಆ ಹೊತ್ತಿಗೆ. ಮೈಗೆ ಬಿಳಿ ಲೇಪ ಇಲ್ಲದಿರುವುದೂ ಅದನ್ನೇ ಹೇಳುತ್ತದೆ. ಲೇಪ ಬಿಟ್ಟು ಮಣ್ಣಿನ ಮೈಯನ್ನೇ ಕಲ್ಲಿನಿಂದ ಉಜ್ಜಿ ನಯ ಮಾಡುವ ರೀತಿಗೆ ನಂಪೆಯೊ ತಿರುಗಿದ್ದು ಸುಮಾರು 1900ರಿಂದ ಈಚೆಗೆ. ನನ್ನ ಅಂದಾಜಿನಲ್ಲಿ ನಿಮ್ಮದು 1930ರ ದಶಕದ್ದು ಅಥವಾ ಅದಕ್ಕಿಂತ ಈಚಿನದು. ಅಮ್ಮ ಕಟ್ಟಿದ್ದಾ, ಮಗಳದ್ದಾ, ಮೊಮ್ಮಗಳದ್ದಾ ಅನ್ನುವುದನ್ನು ಮಡಕೆ ಕೈಯಲ್ಲಿ ಹಿಡಿದು, ಗೊತ್ತಿರುವ ಮಡಕೆಗಳ ಬರಹದ ಜೊತೆ ಹೋಲಿಸಿದವರೇ ಹೇಳಬೇಕು. ಮಗಳದ್ದು ಅಂತಾದರೆ ಬೇಜಾರು ಮಾಡಿಕೊಳ್ಳಬೇಡಿ. ಫ್ಯಾನಿಯ ಕೈಕೆಲಸ ಚೆನ್ನಾಗಿ ಬಂದ ದಿನ ಅಮ್ಮನಿಗೆ ಏನೂ ಕಡಿಮೆಯಿಲ್ಲ.

ಪ್ರಯೋಗಾಲಯಕ್ಕೆ ಕಳಿಸಿದರೆ ವರ್ಷ ಗೊತ್ತಾಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಥರ್ಮೋಲ್ಯುಮಿನೆಸೆನ್ಸ್ ಎಂಬ ಪರೀಕ್ಷೆ ಇದೆ, ಮಣ್ಣು ಕೊನೆಯ ಸಲ ಬೆಂದು ಎಷ್ಟು ಕಾಲವಾಯಿತು ಎಂದು ಹೇಳುತ್ತದೆ. ಆರುನೂರು ವರ್ಷದ್ದೋ ಇತ್ತೀಚಿನದ್ದೋ ಎಂಬ ಜಗಳಕ್ಕೆ ಅದು ಸರಿ. 1895ರದ್ದೋ 1935ರದ್ದೋ ಎಂದು ಬೇರ್ಪಡಿಸಲು ನಂಬುವಂತಿಲ್ಲ. ಅದಕ್ಕೆ ಮಡಕೆಯಿಂದ ಪುಡಿ ಕೊರೆದು ತೆಗೆಯಬೇಕು ಬೇರೆ. ನಿಮಗೆ ಬೇಡ.

ನೀವೇ ನೋಡಬಹುದಾದದ್ದು ಬೇಕಾದಷ್ಟಿದೆ. ಹೋಪಿ ಮಡಕೆಗೆ ತಿಗರಿ ಬಳಸುವುದಿಲ್ಲ. ತಳಕ್ಕೊಂದು ಹಳೇ ಬಟ್ಟಲಿನ ಆಸರೆ ಇಟ್ಟು, ಮಣ್ಣನ್ನು ಉದ್ದಕ್ಕೆ ಹೊಸೆದು ಸುತ್ತಿನ ಮೇಲೆ ಸುತ್ತು ಏರಿಸುತ್ತಾರೆ, ಸೋರೆ ಬುರುಡೆಯ ಚೂರಿನಿಂದ ಕೆರೆದು ತೆಳು ಮಾಡುತ್ತಾರೆ. ಒಣ ಕೈಯಿಂದ, ಉಂಗುರ ತೆಗೆದಿಟ್ಟು, ಒಳಗೋಡೆಯನ್ನು ಮೆಲ್ಲಗೆ ಸವರಿ. ಬಾಯಿ ಚಿಕ್ಕದಾದ್ದರಿಂದ ಎರಡು ಬೆರಳು ಸಾಕು. ಅಲೆಅಲೆಯಾಗಿ ಏರಿಳಿತ, ಕೆರೆದ ಗುರುತು ಸಿಕ್ಕಬೇಕು. ಒಳಗೂ ಹೊರಗೂ ಒಂದೇ ನಮೂನೆ ನುಣುಪು, ಅಥವಾ ಮೇಲಿಂದ ಕೆಳಕ್ಕೆ ಇಳಿದ ಒಂದು ಸಣ್ಣ ದಿಂಡು ಸಿಕ್ಕರೆ ಅದು ಅಚ್ಚಿನಲ್ಲಿ ಎರೆದ ಮಾಲು. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಬಿಡಿ. ನಯ ಮಾಡಲು ಉಜ್ಜಿದ ಕಲ್ಲಿನ ಪಟ್ಟೆಗಳು ಸಾಲುಸಾಲಾಗಿ ಮಿನುಗುತ್ತವೆ. ಅಂಥ ಕಲ್ಲುಗಳು ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಆಸ್ತಿ. ಸ್ಪ್ರೇ ವಾರ್ನಿಶ್ ಹೊಡೆದ ನಕಲಿಯಲ್ಲಿ ಪಟ್ಟೆ ಇರಲ್ಲ, ಹೊಳಪು ಎಲ್ಲ ಕಡೆ ಒಂದೇ ಸಮ.

ಬಣ್ಣ ಒಂದೇ ಸಮ ಇಲ್ಲ, ಒಂದು ಪಕ್ಕ ಕೆನೆ ಬಣ್ಣ, ಇನ್ನೊಂದು ಪಕ್ಕ ಕಿತ್ತಳೆಗೆ ತಿರುಗಿದೆ, ಹಾಳಾಗಿದೆಯಾ ಎಂದೂ ಬರೆದಿದ್ದೀರಿ. ಹಾಳಾಗಿಲ್ಲ. ಆವಿಗೆ ಕಟ್ಟದೆ, ಗಾಳಿ ಇಲ್ಲದ ಬೆಳಗ್ಗೆ ಬಯಲಲ್ಲೇ ಮಡಕೆ ಜೋಡಿಸಿ, ಒಡೆದ ಮಡಕೆ ಚೂರುಗಳನ್ನು ಮರೆ ಇಟ್ಟು, ಸುತ್ತ ಕುರಿ ಹಿಕ್ಕೆಯ ಬೆರಣಿ ಪೇರಿಸಿ ಸುಡುತ್ತಾರೆ. ಎಲ್ಲಿ ಬಿಸಿ ಮತ್ತು ಗಾಳಿ ಹೆಚ್ಚು ತಾಗಿತೋ ಅಲ್ಲಿ ಕೆಂಪೇರುತ್ತದೆ. ಒಳ್ಳೆಯ ಹೋಪಿ ಮಡಕೆಯ ಅಂದವೇ ಅದು. ಕಪ್ಪು ಬಣ್ಣ ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿ. ಅದನ್ನು ಕಾಡು ಸಾಸಿವೆ ಜಾತಿಯ ಸೊಪ್ಪು ಬೇಯಿಸಿ ಇಂಗಿಸಿದ ರಸದಲ್ಲಿ ಅರೆಯುತ್ತಾರೆ. ಕೆಂಪು ಅನ್ನುವುದು ಬಳಿಯುವಾಗ ಹಳದಿ ಮಣ್ಣು, ಬೆಂದ ಮೇಲೆ ಕೆಂಪು. ಕುಂಚ ಯುಕ್ಕಾ ಗಿಡದ ಎಲೆ, ತುದಿಯನ್ನು ಜಗಿದು ನಾರು ಬಿಡಿಸಿದ್ದು.

ಈಗ ಬಿರುಕು. ಫೋಟೋದಲ್ಲಿ ಕಾಣುವ ಹಳದಿ ಅಂಟು ಬಹುಶಃ ಹಳೇ ಎಪಾಕ್ಸಿ ಅಥವಾ ಶೆಲ್ಯಾಕ್, ಅಂದರೆ ಅರಗು. ಮ್ಯೂಸಿಯಂನವರು ಅತಿನೇರಳೆ ದೀಪದ ಕೆಳಗೆ ಇಟ್ಟರೆ ತಕ್ಷಣ ಗೊತ್ತಾಗುತ್ತದೆ, ಶೆಲ್ಯಾಕ್ ಆದರೆ ಕಿತ್ತಳೆ ಬಣ್ಣ ಬೆಳಗುತ್ತದೆ. ಅದೇ ದೀಪಕ್ಕೆ ಚಿತ್ತಾರದ ಮೇಲೆ ಯಾರಾದರೂ ಹೊಸ ಬಣ್ಣ ತಿದ್ದಿದ್ದರೆ ಅದೂ ಬಯಲಾಗುತ್ತದೆ.

ಇದರಲ್ಲಿ ನಿಮಗೆ ಮೂರು ದಾರಿ. ಬಿರುಕು ಬೆಳೆಯುತ್ತಿಲ್ಲ, ಅಂಟು ಹಿಡಿದಿದೆ ಅಂದರೆ ಹಾಗೇ ಬಿಡಿ. ನನ್ನ ಓಟು ಇದಕ್ಕೆ. ನೋಡಲು ಅಷ್ಟು ಚಂದ ಇಲ್ಲ, ಆದರೆ ಮಡಕೆಗೆ ಅಪಾಯವೂ ಇಲ್ಲ. ಎರಡನೆಯದು, ಸಂರಕ್ಷಕರ ಕೈಯಲ್ಲಿ ಹಳೇ ಅಂಟು ತೆಗೆಸಿ, ಬೇಕಾದಾಗ ಕರಗಿಸಬಹುದಾದ ಅಂಟು ಹಾಕಿಸುವುದು. ಪ್ಯಾರಲಾಯ್ಡ್ ಬಿ-72 ಎಂಬುದನ್ನು ನಾವೆಲ್ಲ ಬಳಸುತ್ತೇವೆ. ಇದರಲ್ಲಿ ಅಪಾಯ ಅಂದರೆ ಗಟ್ಟಿ ಎಪಾಕ್ಸಿ ಬಿಡುವಾಗ ಅಂಚಿನ ಮಣ್ಣನ್ನೂ ಕಿತ್ತುಕೊಂಡು ಬರಬಹುದು. ಖರ್ಚು ಕೂಡ ಮಡಕೆಗೆ ನೀವು ಕೊಟ್ಟದ್ದಕ್ಕಿಂತ ಜಾಸ್ತಿಯಾಗಬಹುದು. ಮೂರನೆಯದು ‘ರೆಸ್ಟೊರೇಶನ್’ ಅಂಗಡಿಯಲ್ಲಿ ಬಿರುಕು ಮುಚ್ಚಿ, ಮೇಲೆ ಬಣ್ಣ ತಿದ್ದಿಸಿ, ಏನೂ ಆಗೇ ಇಲ್ಲ ಎನ್ನುವಂತೆ ಮಾಡಿಸುವುದು. ಬೇಡ. ಮುಂದೊಂದು ದಿನ ಮಾರಿದಾಗ ಕೊಂಡವರಿಗೆ ಅದು ಮೋಸ. ತಿದ್ದಿದ ಬಣ್ಣ ಕೆಲವು ವರ್ಷಕ್ಕೆ ಬೇರೆ ತಿರುಗಿ ಅಸಹ್ಯ ಕಾಣುತ್ತದೆ. ಮನೆಯಲ್ಲಿ ಫೆವಿಕ್ವಿಕ್ ಹಾಕುವ ಯೋಚನೆಯನ್ನಂತೂ ಈಗಲೇ ಬಿಡಿ. ಅದು ಮಣ್ಣಿನೊಳಗೆ ಹೀರಿಕೊಂಡು ಕಲೆಯಾಗುತ್ತದೆ.

ಅತ್ತೆಯವರ ಪ್ರಶ್ನೆಗೆ ಬಂದೆ. ಅವರ ಅಂಜಿಕೆಗೆ ಬುಡ ಇದೆ, ತಳ್ಳಿಹಾಕಬೇಡಿ. ಫ್ಯೂಕ್ಸ್ 1895ರಲ್ಲಿ ತೆಗೆದ ಮಡಕೆಗಳಲ್ಲಿ ಬಹಳಷ್ಟು ಸಮಾಧಿಗಳಿಂದಲೇ ತೆಗೆದವು. ಅವನ ನಂತರ, ಅವನಷ್ಟೂ ದಾಖಲೆ ಇಡದೆ, ಮಾರುವುದಕ್ಕೆಂದೇ ಅಗೆದವರು ಎಷ್ಟೋ ಮಂದಿ. ಸತ್ತವರ ಜೊತೆ ಇಟ್ಟದ್ದನ್ನು ಹೊರಗೆ ತೆಗೆಯುವುದು ಹೋಪಿಗಳಿಗೆ ಇವತ್ತಿಗೂ ನೋವಿನ ವಿಷಯ. ಅಮೆರಿಕದ ಕಾನೂನೂ ಈಗ ಇದನ್ನು ಒಪ್ಪುತ್ತದೆ. 1979ರ ಒಂದು ಕಾನೂನು ಸರ್ಕಾರಿ ಮತ್ತು ಬುಡಕಟ್ಟು ಜಮೀನಿನಿಂದ ಪರವಾನಗಿ ಇಲ್ಲದೆ ಪ್ರಾಚೀನ ವಸ್ತು ತೆಗೆಯುವುದನ್ನು, ಹಾಗೆ ತೆಗೆದದ್ದನ್ನು ಮಾರುವುದನ್ನು ಅಪರಾಧ ಮಾಡಿತು. 1990ರ ಇನ್ನೊಂದು ಕಾನೂನಿನ ಪ್ರಕಾರ, ಸರ್ಕಾರದ ಹಣ ಪಡೆಯುವ ಮ್ಯೂಸಿಯಂಗಳು ಸಮಾಧಿ ವಸ್ತುಗಳನ್ನು ಆಯಾ ಜನರಿಗೆ ಹಿಂದಿರುಗಿಸುವ ಪ್ರಕ್ರಿಯೆ ನಡೆಸಬೇಕು.

ಆದರೆ ನಿಮ್ಮ ಮಡಕೆಗೆ ಈ ಭಯ ಅನ್ವಯಿಸುವುದಿಲ್ಲ ಎಂದೇ ನನಗೆ ಅನಿಸುತ್ತದೆ. ಗೆಳೆಯರು ಯಾವ ಹೆಸರನ್ನು ತೋರಿಸಿ ಡೂಪ್ಲಿಕೇಟ್ ಅಂದರೋ ಅದೇ ಹೆಸರು ಅತ್ತೆಯವರಿಗೆ ಸಮಾಧಾನ ಕೊಡಬೇಕು. ಆರುನೂರು ವರ್ಷದ ಹಿಂದಿನ ಮಡಕೆಯಲ್ಲಿ, ಬೇಯುವ ಮೊದಲೇ ಬರೆದ ಇಂಗ್ಲಿಷ್ ಅಕ್ಷರ ಇರಲು ಸಾಧ್ಯವೇ ಇಲ್ಲ, ಅಲ್ವಾ? ಮಣ್ಣಿನಲ್ಲಿ ಹೂತಿದ್ದ ಮಡಕೆಗೆ ಬೇರಿನ ಗೆರೆ, ಬಿಡಿಸಲಾಗದ ಉಪ್ಪಿನ ಪೊರೆ, ಸಂದಿಯಲ್ಲಿ ಕಚ್ಚಿದ ಮಣ್ಣು ಸಾಮಾನ್ಯ. ಫೋಟೋದಲ್ಲಿ ಅಂಥದ್ದೇನೂ ಇಲ್ಲ. ಮಾರಾಟಕ್ಕೆ ಮಾಡಿ, ಕಾಸು ತಗೊಂಡು, ಸಂತೋಷದಿಂದ ಕೊಟ್ಟ ಮಡಕೆ ಇದು. ಇಂಥದನ್ನು ಮನೆಯಲ್ಲಿ ಇಡಲು ಯಾರ ಅಡ್ಡಿಯೂ ಇಲ್ಲ. ಮುಂದೆ ಎಂದಾದರೂ ಹೆಸರಿಲ್ಲದ, “ಹೊಲದಲ್ಲಿ ಸಿಕ್ಕಿದ್ದು” ಎನ್ನುವ ಹಳೇ ಮಡಕೆ ಯಾರಾದರೂ ತೋರಿಸಿದರೆ ಮಾತ್ರ ಅತ್ತೆಯವರ ಮಾತು ಕೇಳಿ, ಕೊಳ್ಳಬೇಡಿ. ಅಂಥದು ಈಗಾಗಲೇ ಯಾರ ಮನೆಯಲ್ಲಾದರೂ ಇದ್ದರೆ ಕಿಕೊಟ್ಸ್ಮೋವಿಯಲ್ಲಿರುವ ಹೋಪಿ ಕಲ್ಚರಲ್ ಪ್ರಿಸರ್ವೇಶನ್ ಆಫೀಸ್ ಅನ್ನು ಕೇಳುವುದು ಸರಿಯಾದ ದಾರಿ.

ಬೆಂಗಳೂರಿಗೆ ತರುವ ವಿಷಯ. 2022ರ ಕೊನೆಯಲ್ಲಿ ಅಮೆರಿಕದಲ್ಲಿ ಬಂದ ಕಾನೂನೊಂದು, ಅಕ್ರಮವಾಗಿ ಪಡೆದ ಬುಡಕಟ್ಟು ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಅದರ ಗುರಿ ಸಮಾಧಿ ವಸ್ತು, ಪೂಜೆಯ ವಸ್ತು, ಇಡೀ ಸಮುದಾಯಕ್ಕೆ ಸೇರಿದ ವಸ್ತುಗಳು. ಮಾರಾಟಕ್ಕೆಂದೇ ಮಾಡಿದ ನಿಮ್ಮ ಮಡಕೆ ಆ ಗುಂಪಿನದಲ್ಲ. ಆದರೆ ಅದನ್ನು ತೋರಿಸಲು ಕೈಯಲ್ಲಿ ಕಾಗದ ಬೇಕು: ಕೊಂಡ ರಸೀದಿ, ತಳದ ಫೋಟೋ, ತಿಳಿದವರೊಬ್ಬರು ನೋಡಿ ಬರೆದುಕೊಟ್ಟ ನಾಲ್ಕು ಸಾಲು. ಬೆಂಗಳೂರಿನ ಕಸ್ಟಮ್ಸ್‌ನಲ್ಲೂ ರಸೀದಿ ಕೇಳಬಹುದು. ಮಾರಿದ ಹುಡುಗನ ‘1890’ ಎಂಬ ಮಾತನ್ನು ಯಾವ ಫಾರಂನಲ್ಲೂ ಬರೆಯಬೇಡಿ. ಆಧಾರವಿಲ್ಲದ ಆ ಒಂದು ಸಂಖ್ಯೆ ನಿಮಗೆ ಇಲ್ಲದ ತಲೆನೋವು ತರುತ್ತದೆ.

ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಬಾಯಿ ಅಂಚು ಹಿಡಿದು ಎತ್ತಬೇಡಿ, ಎರಡೂ ಕೈ ತಳಕ್ಕೆ ಕೊಡಿ. ಮೊದಲು ಆಸಿಡ್ ಇಲ್ಲದ ಟಿಶ್ಯೂ ಕಾಗದ ಸುತ್ತಿ, ಆಮೇಲೆ ಬಬಲ್ ರ‍್ಯಾಪ್. ಬಬಲ್ ರ‍್ಯಾಪ್ ನೇರ ಮೈಗೆ ಒತ್ತಿದರೆ ನಯ ಮಾಡಿದ ಮೈ ಮೇಲೆ ಗುಳ್ಳೆ ಗುರುತು ಕೂರುತ್ತದೆ. ಒಳಗೆ ಬಿಗಿಯಾಗಿ ಏನೂ ತುರುಕಬೇಡಿ, ಬಿರುಕು ಬಾಯಿ ಬಿಡುತ್ತದೆ. ಬೆಂಗಳೂರಿನ ಮನೆಯಲ್ಲಿ ಮಳೆಗಾಲಕ್ಕೆ ತಂಪೇರುವ ಗೋಡೆಯಿಂದ, ಅಡುಗೆ ಒಗ್ಗರಣೆಯಿಂದ ದೂರ ಇಡಿ. ದಸರಾ ಗೊಂಬೆಗಳ ಸಾಲಿನಲ್ಲಿ ಕೂರಿಸುವ ಆಸೆಯಾದರೆ ಕೂರಿಸಿ, ದೀಪದ ಎಣ್ಣೆ ಸಿಡಿಯದಂತೆ ನೋಡಿಕೊಳ್ಳಿ. ಈ ಮಣ್ಣು ಎಣ್ಣೆ ಕುಡಿದರೆ ಕಲೆ ಹೋಗಲ್ಲ. ದೂಳಿಗೆ ಒಣ, ಮೆತ್ತನೆ ಬಣ್ಣದ ಕುಂಚ ಸಾಕು. ಮನೆಕೆಲಸಕ್ಕೆ ಬರುವವರಿಗೆ ಇದನ್ನು ಮುಟ್ಟಬೇಡಿ ಎಂದು ಮೊದಲ ದಿನವೇ ಹೇಳಿಬಿಡಿ. ಒದ್ದೆ ಬಟ್ಟೆ ಅವರ ಕೈಯಲ್ಲಿ ಯಾವಾಗಲೂ ಇರುತ್ತದೆ.

ಹೊರಡುವ ಮೊದಲು ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಹೋಗಿ ಅಲ್ಲಿನ ಹೋಪಿ ಮಡಕೆಗಳನ್ನು ಕಣ್ಣಾರೆ ನೋಡಿ, ನಿಮಗೆ ಅರ್ಧ ಗಂಟೆಯ ದಾರಿ. ಮ್ಯೂಸಿಯಂನವರು ಬೆಲೆ ಕಟ್ಟಿಕೊಡುವುದಿಲ್ಲ, ಅದಕ್ಕೆ ಸ್ವತಂತ್ರ ಮೌಲ್ಯಮಾಪಕರು ಬೇಕು. ಅವರೇ ಕೊಳ್ಳಲೂ ಮುಂದೆ ಬಂದರೆ ಬೇರೆಯವರ ಹತ್ತಿರ ಹೋಗಿ. ಒಂದು ವಾರಾಂತ್ಯ ಬಿಡುವಿದ್ದರೆ ಫಸ್ಟ್ ಮೇಸಾಕ್ಕೂ ಹೋಗಿ ಬನ್ನಿ. ನಂಪೆಯೊ ವಂಶದವರು, ಬೇರೆ ಮನೆತನದವರು ಇವತ್ತಿಗೂ ಅಲ್ಲಿ ಮಡಕೆ ಮಾಡುತ್ತಾರೆ, ಮನೆ ಬಾಗಿಲಲ್ಲೇ ಮಾರುವವರೂ ಇದ್ದಾರೆ. ಹಳ್ಳಿಗಳಲ್ಲಿ ಫೋಟೋ ತೆಗೆಯುವಂತಿಲ್ಲ, ಮೊಬೈಲ್ ಜೇಬಿನಲ್ಲೇ ಇರಲಿ.

ಇದಕ್ಕೆಲ್ಲ ಮೊದಲು ಒಂದು ಫೋನ್ ಮಾಡಿ. ತೀರಿಕೊಂಡ ಅಜ್ಜಿಯ ಮಕ್ಕಳ ನಂಬರ್ ಮಾರಾಟ ನಡೆಸಿದವರ ಹತ್ತಿರ ಇರುತ್ತದೆ. ಅಮ್ಮ ಇದನ್ನು ಎಲ್ಲಿ, ಯಾವ ವರ್ಷ, ಯಾರಿಂದ ಕೊಂಡರು ಎಂದು ಕೇಳಿ. ಹಳೇ ಆಲ್ಬಂನಲ್ಲಿ ಈ ಮಡಕೆ ಕಾಣುವ ಒಂದು ಫೋಟೋ ಸಿಕ್ಕರೂ ಸಾಕು, ಅದರ ಪ್ರತಿ ತೆಗೆದುಕೊಳ್ಳಿ. ಅವರು ಹೇಳಿದ್ದನ್ನು ಅವತ್ತೇ ತಾರೀಕು ಹಾಕಿ ಬರೆದಿಡಿ. ಆಮೇಲೆ ಟಾರ್ಚ್ ಪಕ್ಕದಿಂದ ಬಿಟ್ಟು ತಳದ ಬರಹದ ಫೋಟೋ ಇನ್ನೊಮ್ಮೆ ತೆಗೆದು ನನಗೆ ಕಳಿಸಿ. ಆ ಹೊಗೆ ಮಬ್ಬು ಅಕ್ಷರದ ಮೇಲಿದೆಯಾ ಕೆಳಗಿದೆಯಾ ಎಂದು ಖಚಿತ ಮಾಡಿಕೊಳ್ಳಬೇಕು.